ಹಳೇ ಪಾರ್ಟ್ಸ್ ತಗೊಂಡು ಮೊದಲ ಡೆಸ್ಕ್‌ಟಾಪ್ ಜೋಡಿಸ್ತಿದ್ದೀರಾ? "ಟೆಸ್ಟೆಡ್, ವರ್ಕಿಂಗ್" ಅನ್ನೋ ಮಾತು ನಂಬಿ ದುಡ್ಡು ಕೊಡಬೇಡಿ

ಮೊದಲೇ ಹೇಳಿಬಿಡ್ತೀನಿ. ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಎಸ್‌ಎಂಪಿಎಸ್ (ಕರೆಂಟ್ ಒದಗಿಸೋ ಡಬ್ಬಿ) ಎಲ್ಲ ಸೇರಿಸಿ "ಕಾಂಬೋ" ಅಂತ ಮಾರೋರ ಹತ್ರ ತಗೊಳ್ಳೋದಾದ್ರೆ, ಆ ಜೋಡಿ ಆನ್ ಆಗಿ ಬಯೋಸ್ (ಆನ್ ಆದ ಕೂಡಲೇ ಓಡೋ, ಬೋರ್ಡ್‌ನದೇ ತಂತ್ರಾಂಶ) ಪರದೆ ಬರೋದನ್ನ ನಿಮ್ಮ ಕಣ್ಣಾರೆ ನೋಡಿ. ಫೋಟೋ ಕಳಿಸ್ತೀನಿ ಅಂದ್ರೆ ಬೇಡ ಅನ್ನಿ. ವಿಡಿಯೋ ಕಳಿಸ್ತೀನಿ ಅಂದ್ರೂ ಬೇಡ ಅನ್ನಿ, ಆ ವಿಡಿಯೋದಲ್ಲಿರೋದು ಬೇರೆ ಬೋರ್ಡ್ ಆಗಿರಬಹುದು.

ನನಗೆ ಕೊಟ್ಟಿದ್ದು ಎಚ್110 ಚಿಪ್‌ಸೆಟ್‌ನ (ಬೋರ್ಡ್‌ನ ಮುಖ್ಯ ನಿಯಂತ್ರಕ ಚಿಪ್) ಬೋರ್ಡ್, ಅದರ ಜೊತೆ ಐ5-8400 ಪ್ರೊಸೆಸರ್. ಗೊತ್ತಿರೋರಿಗೆ ಇಷ್ಟು ಓದಿದ್ರೇ ಸಾಕು, ಏನಾಯ್ತು ಅಂತ ತಿಳಿಯುತ್ತೆ. ಗೊತ್ತಿಲ್ಲದೋರಿಗೆ ವಿವರವಾಗಿ ಬರೀತೀನಿ, ಯಾಕಂದ್ರೆ ಈ ವ್ಯಾಪಾರ ನಡೀತಿರೋದೇ ಗೊತ್ತಿಲ್ಲದೋರ ಮೇಲೆ.

ಎರಡರ ಸಾಕೆಟ್ (ಪ್ರೊಸೆಸರ್ ಕೂರೋ ಜಾಗ) ಹೆಸರೂ ಎಲ್‌ಜಿಎ 1151. ಪ್ರೊಸೆಸರ್ ಸಲೀಸಾಗಿ ಕೂರುತ್ತೆ, ಲಿವರ್ ಮುಚ್ಚುತ್ತೆ, ಮೂಲೆಯ ತ್ರಿಕೋನ ಗುರುತೂ ಸರಿಯಾಗಿ ಹೊಂದುತ್ತೆ. ಪವರ್ ಒತ್ತಿದ್ರೆ ಫ್ಯಾನ್ ತಿರುಗುತ್ತೆ. ಡಿಸ್‌ಪ್ಲೇ ಮಾತ್ರ ಬರಲ್ಲ, ಯಾವತ್ತೂ ಬರಲ್ಲ. 2015ರಲ್ಲಿ ಬಂದ 6ನೇ ತಲೆಮಾರು ಮತ್ತು ಅದರ ನಂತರದ 7ನೇ ತಲೆಮಾರಿಗೆ 100 ಮತ್ತು 200 ಸರಣಿಯ ಚಿಪ್‌ಸೆಟ್ ಬೇಕು. ಎಚ್110 ಇದೇ 100 ಸರಣಿಯದು. 2017ರಲ್ಲಿ 8400 ಸೇರಿರೋ 8ನೇ ತಲೆಮಾರು ಬಂದಾಗ ಇಂಟೆಲ್ ಅದೇ 1151 ಪಿನ್‌ಗಳನ್ನಿಟ್ಟುಕೊಂಡು, ಮೊದಲು ಖಾಲಿ ಬಿಟ್ಟಿದ್ದ ಕೆಲವನ್ನ ವಿದ್ಯುತ್ತಿಗೂ ಗ್ರೌಂಡಿಗೂ ಕೊಟ್ಟಿತು. ಅದಕ್ಕೆ 8 ಮತ್ತು 9ನೇ ತಲೆಮಾರಿಗೆ 300 ಸರಣಿಯ ಬೋರ್ಡೇ ಬೇಕು, ಅಂದ್ರೆ ಎಚ್310, ಬಿ360, ಬಿ365, ಝಡ್370, ಝಡ್390 ಇಂಥವು. ಬಯೋಸ್ ತಿದ್ದಿ, ಪಿನ್‌ಗೆ ಟೇಪ್ ಅಂಟಿಸಿ ಹಳೇ ಬೋರ್ಡ್‌ನಲ್ಲಿ ಓಡಿಸೋ ಹವ್ಯಾಸಿಗಳಿದ್ದಾರೆ. ಅದು ಮೊದಲ ಸಲ ಕಂಪ್ಯೂಟರ್ ಜೋಡಿಸೋರ ಕೆಲಸ ಅಲ್ಲ.

ಡಿಸ್‌ಪ್ಲೇ ಬರ್ತಿಲ್ಲ ಅಂತ ಮಾರಿದವರಿಗೆ ಹೇಳಿದಾಗ ಬಂದ ಮೊದಲ ಉತ್ತರ: "ಫ್ಯಾನ್ ತಿರುಗ್ತಿದೆ ತಾನೇ ಬಾಸ್? ಹಂಗಾದ್ರೆ ಬೋರ್ಡ್ ಸರಿ ಇದೆ. ನೀವು ರ‍್ಯಾಮ್ ಸರಿಯಾಗಿ ಕೂರಿಸಿಲ್ಲ."

ಈ ಮಾತು ಕೇಳಿ ಎಷ್ಟು ಜನ ರ‍್ಯಾಮ್ ತೆಗೆದು, ಹಾಕಿ, ರಬ್ಬರ್‌ನಲ್ಲಿ ಉಜ್ಜಿ, ಮತ್ತೆ ಹಾಕಿ ತಮ್ಮನ್ನ ತಾವೇ ಬೈಕೊಂಡಿರ್ತಾರೋ! ಫ್ಯಾನ್ ತಿರುಗೋದಕ್ಕೆ 12 ವೋಲ್ಟ್ ಬಂದ್ರೆ ಸಾಕು. ಪ್ರೊಸೆಸರ್ ಒಂದು ಸೂಚನೆಯನ್ನೂ ಓಡಿಸದೇ ಇದ್ರೂ ಫ್ಯಾನ್ ತಿರುಗುತ್ತೆ. ಅದು ಯಾವುದಕ್ಕೂ ಸಾಕ್ಷಿ ಅಲ್ಲ. ಮತ್ತೆ ಹೇಳ್ತೀನಿ, ಫ್ಯಾನ್ ತಿರುಗೋದು ಯಾವುದಕ್ಕೂ ಸಾಕ್ಷಿ ಅಲ್ಲ.

ತಪ್ಪು ಯಾರದು ಅಂತ ಖಚಿತ ಮಾಡ್ಕೊಳ್ಳೋಕೆ ಬೋರ್ಡನ್ನ ಕ್ಯಾಬಿನೆಟ್‌ನಿಂದ ಹೊರಗೆ ತೆಗೀರಿ. ಒಣ ರಟ್ಟಿನ ಮೇಲಿಡಿ. ಕ್ಯಾಬಿನೆಟ್ ಒಳಗೆ ಬೇಡದ ಜಾಗದಲ್ಲಿ ಒಂದು ಸ್ಟ್ಯಾಂಡ್‌ಆಫ್ (ಬೋರ್ಡನ್ನ ಎತ್ತಿ ಹಿಡಿಯೋ ಲೋಹದ ಕಂಬಿ) ಉಳಿದಿದ್ರೆ ಅದು ಬೋರ್ಡ್‌ನ ಹಿಂಭಾಗಕ್ಕೆ ತಾಗಿ ಶಾರ್ಟ್ ಆಗಬಹುದು. ಹೊರಗಿಟ್ರೆ ಆ ಅನುಮಾನ ಹೋಗುತ್ತೆ. ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್ ಕಡ್ಡಿ, ಇಷ್ಟೇ ಇರಲಿ. ನಾಲ್ಕು ಸ್ಲಾಟ್ ಇದ್ರೆ ಪ್ರೊಸೆಸರ್ ಕಡೆಯಿಂದ ಎರಡನೇದು, ಎರಡೇ ಇದ್ರೆ ಒಂದರಲ್ಲಾದ ಮೇಲೆ ಇನ್ನೊಂದರಲ್ಲಿ ನೋಡಿ. 24 ಪಿನ್ ಕೇಬಲ್ ಹಾಕಿ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ಕೇಬಲ್ಲನ್ನೂ ಹಾಕಿ, ಹೊಸಬರು ಹೆಚ್ಚಾಗಿ ಮರೆಯೋದು ಇದನ್ನೇ. ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು, ಕರೆಂಟ್ ವೈರ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ. ಪವರ್ ಸ್ವಿಚ್‌ನ ಎರಡು ಪಿನ್‌ಗಳನ್ನ ಸ್ಕ್ರೂಡ್ರೈವರ್‌ನಿಂದ ಒಂದು ಕ್ಷಣ ಮುಟ್ಟಿಸಿ ಆನ್ ಮಾಡಿ.

ಆಮೇಲೆ ನಿಜವಾದ ಪರೀಕ್ಷೆ. ಬೋರ್ಡ್‌ಗೆ ಪುಟ್ಟ ಸ್ಪೀಕರ್ ಸಿಕ್ಕಿಸಿ, ಆಫ್ ಮಾಡಿ ರ‍್ಯಾಮ್ ಪೂರ್ತಿ ತೆಗೆದು ಮತ್ತೆ ಆನ್ ಮಾಡಿ. ಪ್ರೊಸೆಸರ್ ಮತ್ತು ಬೋರ್ಡ್ ಜೀವಂತ ಇದ್ರೆ ರ‍್ಯಾಮ್ ಇಲ್ಲ ಅಂತ ಬೀಪ್ ಹೊಡೆಯಬೇಕು. ಇಲ್ಲಿ ಒಂದು ಸದ್ದೂ ಬರಲಿಲ್ಲ. ರ‍್ಯಾಮ್ ಇದ್ರೂ ಮೌನ, ಇಲ್ಲದಿದ್ರೂ ಮೌನ. ಅಂದ್ರೆ ದೋಷ ರ‍್ಯಾಮ್‌ಗಿಂತ ಮುಂಚಿನ ಹಂತದ್ದು.

ಕೂಲರ್ ಬಿಚ್ಚಿ, ಪ್ರೊಸೆಸರ್ ಮೇಲಿನ, ಶಾಖ ದಾಟಿಸೋ ಪೇಸ್ಟ್ ಒರೆಸಿದಾಗ ಲೋಹದ ಮೇಲೆ ಕೆತ್ತಿದ್ದ ಅಕ್ಷರ ಕಾಣಿಸ್ತು: ಐ5-8400. ಬೋರ್ಡ್ ಮೇಲೆ ದಪ್ಪಕ್ಷರದಲ್ಲಿ ಎಚ್110. ಕಾಂಬೋ ಕೈಗೆ ಬಂದಾಗಲೇ ಕೂಲರ್ ಬಿಗಿದಿತ್ತು, ಪೇಸ್ಟ್ ಹಚ್ಚಿತ್ತು. "ನಿಮಗೆ ಕಷ್ಟ ಆಗದಿರಲಿ ಅಂತ ನಾವೇ ಫಿಟ್ ಮಾಡಿದ್ದೀವಿ" ಅಂತ ಹೇಳಿದ್ರು. ಆ ಒಂದು ಮಾತು ನೆನೆಸಿಕೊಂಡ್ರೆ ಈಗಲೂ ಮೈ ಉರಿಯುತ್ತೆ. ಏನೂ ತಿದ್ದದೇ ಈ ಎರಡೂ ಒಟ್ಟಿಗೆ ಒಂದು ಸಲವೂ ಆನ್ ಆಗಿರೋಕೆ ಸಾಧ್ಯವೇ ಇಲ್ಲ. ಹಾಗಾದ್ರೆ ಟೆಸ್ಟ್ ಮಾಡಿದ್ದು ಏನನ್ನ?

ಕೇಳಿದ್ದಕ್ಕೆ: "ಎರಡೂ 1151 ಅಲ್ವಾ ಸರ್, ಬಯೋಸ್ ಅಪ್‌ಡೇಟ್ ಮಾಡ್ಕೊಳ್ಳಿ, ಆಗುತ್ತೆ."

ಆಗಲ್ಲ. ಬೋರ್ಡ್ ತಯಾರಿಸಿದ ಕಂಪನಿಯ ಸೈಟ್‌ನಲ್ಲಿ ಪ್ರತಿ ಮಾಡೆಲ್‌ಗೂ ಯಾವ್ಯಾವ ಪ್ರೊಸೆಸರ್ ನಡೆಯುತ್ತೆ, ಯಾವ ಬಯೋಸ್ ಆವೃತ್ತಿಯಿಂದ ನಡೆಯುತ್ತೆ ಅನ್ನೋ ಪಟ್ಟಿ ಇರುತ್ತೆ. ಎಚ್110 ಪಟ್ಟಿಯಲ್ಲಿ 8400 ಇಲ್ಲ. ಎಎಂಡಿ ಕಂಪನಿಯ ಪ್ರೊಸೆಸರ್‌ಗಳಿಗಿರೋ ಎಎಂ4 ಸಾಕೆಟ್ ಬೋರ್ಡ್‌ಗಳಾದ್ರೆ ಅಪ್‌ಡೇಟ್ ಮಾತಿಗೆ ಅರ್ಥ ಇದೆ: ಹಳೇ ಬಯೋಸ್ ಇರೋ ಬಿ450 ಬೋರ್ಡ್ ರೈಜನ್ 5000 ಸರಣಿಯನ್ನ ಎತ್ತಲ್ಲ, ಅಪ್‌ಡೇಟ್ ಆದ್ಮೇಲೆ ಎತ್ತುತ್ತೆ. ಆ ಅರ್ಧ ಸತ್ಯವನ್ನ ಇಲ್ಲಿಗೆ ತಂದು ಅಂಟಿಸ್ತಾರೆ.

ತುಂಬಾ ಒತ್ತಾಯ ಮಾಡಿದ್ಮೇಲೆ 8400 ವಾಪಸ್ ತಗೊಂಡು ಐ5-6500 ಕೊಟ್ರು. ಬೆಲೆ ವ್ಯತ್ಯಾಸ ಕೊಡಿ ಅಂದ್ರೆ, "ಇದೂ ಐ5 ತಾನೇ?" ಅಂತ. 8400ಗೆ ಆರು ಕೋರ್, 6500ಗೆ ನಾಲ್ಕು. 8400 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿದೆ, 6500 ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿದಿದೆ. "ಇದೂ ಐ5 ತಾನೇ" ಅನ್ನೋರಿಗೆ ಇದೆಲ್ಲ ಚೆನ್ನಾಗಿ ಗೊತ್ತಿರುತ್ತೆ.

ಹೀಗೆ ಪ್ರೊಸೆಸರ್ ಬದಲಾಯಿಸುವಾಗ ಸಾಕೆಟ್ ನೋಡ್ಕೊಳ್ಳಿ. ಇಂಟೆಲ್‌ನ ಈ ಬೋರ್ಡ್‌ಗಳಲ್ಲಿ ಪಿನ್ ಇರೋದು ಬೋರ್ಡ್ ಮೇಲೆ. ಫೋನ್ ಟಾರ್ಚನ್ನ ಒಂದು ಬದಿಯಿಂದ ವಾರೆಯಾಗಿ ಹಿಡಿದ್ರೆ ಪಿನ್ ಸಾಲುಗಳು ಒಂದೇ ಸಮ ಹೊಳೀಬೇಕು. ಎಲ್ಲಾದ್ರೂ ಒಂದು ಚುಕ್ಕೆ ಕಪ್ಪಾಗಿ ಕಂಡ್ರೆ ಅಥವಾ ಬೇರೆ ಕಡೆ ಹೊಳೆದ್ರೆ ಆ ಪಿನ್ ಬಾಗಿದೆ ಅಂತ ಅರ್ಥ. ಒಂದು ಪಿನ್ ಬಾಗಿದ್ರೂ ಒಂದು ರ‍್ಯಾಮ್ ಸ್ಲಾಟ್ ಸತ್ತಂತೆ ಇರಬಹುದು. ಅವರ ಎದುರಿಗೇ ಫೋಟೋ ತೆಗೆದಿಟ್ಕೊಳ್ಳಿ, ಇಲ್ಲಾಂದ್ರೆ "ನೀವೇ ಬಗ್ಗಿಸಿದ್ದೀರಿ" ಅನ್ನೋ ಮಾತು ಬಂದೇ ಬರುತ್ತೆ.

ಎಸ್‌ಎಂಪಿಎಸ್ ಬಗ್ಗೆ ಚಿಕ್ಕದಾಗಿ. ಹೊರಗೆ 450 ವ್ಯಾಟ್ ಅಂತ ದೊಡ್ಡ ಸ್ಟಿಕ್ಕರ್, ಪಕ್ಕದ ಕೋಷ್ಟಕದಲ್ಲಿ 12 ವೋಲ್ಟ್‌ಗೆ 14 ಆಂಪ್. ಗುಣಿಸಿ, 168 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ತಿನ್ನೋದು ಈ 12 ವೋಲ್ಟನ್ನೇ, ಆದ್ದರಿಂದ ದೊಡ್ಡ ಸ್ಟಿಕ್ಕರ್ ಬಿಟ್ಟು ಕೋಷ್ಟಕ ಓದಿ. 24 ಪಿನ್‌ನ ಹಸಿರು ವೈರನ್ನ ಕಪ್ಪಿಗೆ ಮುಟ್ಟಿಸಿ ಫ್ಯಾನ್ ತಿರುಗಿಸಿ ತೋರಿಸಿದ್ರೆ ಒಪ್ಕೋಬೇಡಿ. ಮಲ್ಟಿಮೀಟರ್‌ನಲ್ಲಿ 12 ವೋಲ್ಟ್ ಸಾಲು 11.4ರಿಂದ 12.6ರ ಒಳಗೆ ಇರಬೇಕು, ಅದೂ ಕಂಪ್ಯೂಟರ್‌ಗೆ ಕೆಲಸ ಕೊಟ್ಟಾಗ.

ಇಷ್ಟಾದ್ಮೇಲೆ ಗ್ರಾಫಿಕ್ಸ್ ಕಾರ್ಡ್. ಜಿಟಿಎಕ್ಸ್ 1050 ಟಿಐ, 4 ಜಿಬಿ ಅಂತ ಕೊಟ್ಟಿದ್ದು. ವಿಂಡೋಸ್ ಕೂಡ ಅದೇ ಹೆಸರು ತೋರಿಸ್ತು. ಡೆಸ್ಕ್‌ಟಾಪ್ ಚೆನ್ನಾಗಿ ಬಂತು, ವಿಡಿಯೋ ಓಡಿತು. ಎನ್‌ವಿಡಿಯಾದ ಹೊಸ ಡ್ರೈವರ್ ಹಾಕಿದ ಕೂಡಲೇ ಪರದೆ ಕಪ್ಪು. ಅವರ ಉತ್ತರ: "ಡ್ರೈವರ್ ಪ್ರಾಬ್ಲಂ ಬಾಸ್, ಫಾರ್ಮ್ಯಾಟ್ ಹೊಡೀರಿ." ಫಾರ್ಮ್ಯಾಟ್ ಆಯ್ತು, ಮತ್ತೆ ಕಪ್ಪು. "ಹಾಗಾದ್ರೆ ನಿಮ್ಮ ಮಾನಿಟರ್ ನೋಡ್ಸಿ."

ಜಿಪಿಯು-ಝಡ್ ಅನ್ನೋ ಪುಟ್ಟ ಉಚಿತ ತಂತ್ರಾಂಶ ಇದೆ. ಅದರಲ್ಲಿ ತೆರೆದಾಗ ಕಾರ್ಡ್ ಹೆಸರಿನ ಮುಂದೆಯೇ ಫೇಕ್ ಅಂತ ಬಂತು. 2018ರಿಂದ ಆ ತಂತ್ರಾಂಶ ಇಂಥ ನಕಲಿಗಳನ್ನ ಗುರುತಿಸ್ತಿದೆ. ಅಸಲಿ 1050 ಟಿಐಗೆ 768 ಶೇಡರ್‌ಗಳಿರಬೇಕು (ಚಿತ್ರದ ಲೆಕ್ಕ ಹಾಕೋ ಪುಟ್ಟ ಘಟಕಗಳು), ಇದರಲ್ಲಿ 192. ಚಿಪ್ ತಯಾರಿಕೆಯ ತಂತ್ರ 14 ನ್ಯಾನೋಮೀಟರ್‌ನದಾಗಿರಬೇಕು, ಇದು 40. ಜಿಟಿಎಸ್ 450, ಜಿಟಿಎಕ್ಸ್ 550 ಟಿಐ ಕಾಲದ ಹಳೇ ಕಾರ್ಡ್‌ಗೆ ತಿದ್ದಿದ ಬಯೋಸ್ (ಇದು ಕಾರ್ಡ್‌ನದೇ ಒಳ ತಂತ್ರಾಂಶ) ತುಂಬಿ ಹೆಸರು ಬದಲಾಯಿಸೋ ದಂಧೆ ಇದು. ಬಯೋಸ್ ಸುಳ್ಳು ಹೇಳುತ್ತೆ, ವಿಂಡೋಸ್ ಅದನ್ನೇ ನಂಬಿ ತೋರಿಸುತ್ತೆ. ಒಳಗಿರೋ ಮೆಮೊರಿ 1 ಜಿಬಿ ಮಾತ್ರ ಆಗಿದ್ರೆ, ಗೇಮ್ ಅದನ್ನ ದಾಟಿದ ತಕ್ಷಣ ಚಿತ್ರ ಚೂರುಚೂರಾಗಿ ನಿಂತುಹೋಗುತ್ತೆ.

ಕಂಪ್ಯೂಟರ್‌ಗೆ ಹಾಕದೆಯೇ ಇದನ್ನ ಹಿಡೀಬಹುದು. ಕಾರ್ಡ್‌ನ ಹಿಂದೆ ನೀಲಿ ವಿಜಿಎ ಪೋರ್ಟ್ (ಹಳೇ ಮಾನಿಟರ್‌ಗಳ ಅನಲಾಗ್ ಪೋರ್ಟ್) ಇದೆಯಾ ನೋಡಿ. ಎನ್‌ವಿಡಿಯಾ 10 ಸರಣಿಯ ಚಿಪ್‌ಗಳಲ್ಲಿ ಅನಲಾಗ್ ಔಟ್‌ಪುಟ್ಟೇ ಇಲ್ಲ. ಡಿವಿಐ ಪೋರ್ಟ್ ಇದ್ರೆ, ಅದರಲ್ಲಿ ಉದ್ದನೆಯ ಚಪ್ಪಟೆ ಸೀಳಿನ ಸುತ್ತ ನಾಲ್ಕು ಸಣ್ಣ ತೂತುಗಳಿವೆಯಾ ನೋಡಿ. ಅವು ಇರೋದು ಅನಲಾಗ್ ಸಿಗ್ನಲ್‌ಗೆ. 1050 ಟಿಐ ಅಂತ ಹೇಳಿ ವಿಜಿಎ ಪೋರ್ಟ್ ಇರೋ ಕಾರ್ಡ್ ಕೊಟ್ರೆ ಅಲ್ಲೇ ಇಟ್ಟು ಎದ್ದು ಬನ್ನಿ. ನನಗೆ ಬಂದಿದ್ದರಲ್ಲಿ ವಿಜಿಎ ಪೋರ್ಟೂ ಇತ್ತು, ಆ ನಾಲ್ಕು ತೂತುಗಳೂ ಇದ್ದವು.

ಜಿಪಿಯು-ಝಡ್ ಚಿತ್ರ ಕಳಿಸಿದ್ದಕ್ಕೆ ಬಂದ ಉತ್ತರ: "ಆ ಸಾಫ್ಟ್‌ವೇರ್ ಸರಿ ಇಲ್ಲ. ಸೆಕೆಂಡ್ಸ್ ಮಾಲಿಗೆ ಗ್ಯಾರಂಟಿ ಕೊಡಲ್ಲ ಅಂತ ಮೊದಲೇ ಹೇಳಿದ್ನಲ್ಲ." ಗ್ಯಾರಂಟಿ ಯಾರು ಕೇಳಿದ್ರು? ಮಾಲು ಅದೇ ಮಾಲಾಗಿರಬೇಕು ಅನ್ನೋದಷ್ಟೇ ಕೇಳಿದ್ದು. ಅದಾದ್ಮೇಲೆ ಕರೆ ಎತ್ತಲಿಲ್ಲ.

ಹಾಗಾಗಿ ಕೇಳ್ಕೋತೀನಿ. ಕೂಲರ್ ಬಿಗಿದು ಕೊಟ್ರೆ ಬಿಚ್ಚಿಸಿ, ಪ್ರೊಸೆಸರ್ ಸಂಖ್ಯೆ ಓದಿ, ಬೋರ್ಡ್‌ನ ಪಟ್ಟಿಯಲ್ಲಿ ಹುಡುಕಿ. ಸಂಖ್ಯೆಯ ಕೊನೆಗೆ ಎಫ್ ಇದ್ರೆ, 9400ಎಫ್ ಥರ, ಅದರಲ್ಲಿ ಗ್ರಾಫಿಕ್ಸ್ ಇರಲ್ಲ, ಬೋರ್ಡ್‌ನ ಎಚ್‌ಡಿಎಂಐ ಪೋರ್ಟ್‌ನಲ್ಲಿ ಏನೂ ಬರಲ್ಲ ಅನ್ನೋದೂ ನೆನಪಿರಲಿ. ಬಿಚ್ಚಲ್ಲ, ಆನ್ ಮಾಡಿ ತೋರಿಸಲ್ಲ ಅನ್ನೋರಿಗೆ ಮುಂಗಡ ಕೂಡ ಕೊಡಬೇಡಿ. ಅವರ ಮಾತಿನ ಪ್ರತಿಯೊಂದನ್ನೂ ಮೆಸೇಜ್‌ನಲ್ಲಿ ಬರೆಸ್ಕೊಳ್ಳಿ, ಕಾರ್ಡ್‌ನ ಸೀರಿಯಲ್ ನಂಬರ್ ಸಮೇತ. ಆ ಕಾರ್ಡನ್ನ ನಾನಂತೂ ಇನ್ನೊಬ್ಬರಿಗೆ ಮಾರಲ್ಲ. ಮಾರಿದ ಪುಣ್ಯಾತ್ಮರ ಹತ್ರ ಅಂಥವು ಇನ್ನೂ ಒಂದು ಪೆಟ್ಟಿಗೆ ತುಂಬಾ ಇದ್ದದ್ದನ್ನ ನಾನೇ ನೋಡಿದ್ದೀನಿ.