ಮಳೆ ನಿಂತರೆ ಹುಲ್ಲು ನಿಲ್ಲುತ್ತದೆ: ಸ್ಟ್ಯಾಟಿಕ್ ಗ್ರಾಸ್ ಯಂತ್ರದ ಬಗ್ಗೆ

ಮಾಡೆಲ್ ರೈಲಿನ ಗುಡ್ಡಕ್ಕೆ ನೈಲಾನ್ ಎಳೆಯ ಹುಲ್ಲು ಹಾಕುವ ಸ್ಟ್ಯಾಟಿಕ್ ಗ್ರಾಸ್ ಯಂತ್ರವನ್ನು ಕೆಲವು ವರ್ಷಗಳಿಂದ ಮಡಿಕೇರಿ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಬಳಸುತ್ತಿದ್ದೇನೆ. ವೋಲ್ಟೇಜ್, ಬ್ಯಾಟರಿ, ಜರಡಿಯ ಅಳತೆ ಎಲ್ಲ ಮಾರುವವರೇ ಹೇಳುತ್ತಾರೆ. ಅವರು ಹೇಳದ ಒಂದು ವಿಷಯಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಈ ಯಂತ್ರಕ್ಕೂ ನಮ್ಮ ಮಳೆಗಾಲಕ್ಕೂ ಆಗಿಬರುವುದಿಲ್ಲ.

ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ. ಹಾಗಾಗಿ ನಾನು ಮಾಡುತ್ತಿರುವುದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ. ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ ಇರುವ ದಾರಿ ಅದು. ನನ್ನ ಬೋರ್ಡಿನಲ್ಲಿ ಹಿಡಿಸಿದ್ದು ಎಡಕುಮೇರಿ ಕಡೆಯ ಒಂದು ಸುರಂಗ, ಒಂದು ಸೇತುವೆ ಮಾತ್ರ. ಏರು ಮಾತ್ರ ಅಲ್ಲಿಯದ್ದೇ, 50ಕ್ಕೆ 1. ಆದರೆ ಸುರಂಗ ಎಷ್ಟು ಚೆನ್ನಾಗಿ ಮಾಡಿದರೂ ಸುತ್ತ ಹುಲ್ಲಿಲ್ಲದಿದ್ದರೆ ಅದು ನಮ್ಮ ಘಟ್ಟ ಅನ್ನಿಸುವುದಿಲ್ಲ. ಮೊದಲೆಲ್ಲ ಬಣ್ಣ ಹಾಕಿದ ಮರದ ಹೊಟ್ಟು ಉದುರಿಸುತ್ತಿದ್ದೆ. ಅದು ನೆಲಕ್ಕೆ ಅಂಟಿಕೊಂಡೇ ಇರುತ್ತಿತ್ತು.

ಈ ಯಂತ್ರದಲ್ಲಿ ಹುಲ್ಲು ಎದ್ದು ನಿಲ್ಲುತ್ತದೆ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ಅಂಗೈ ಅಗಲಕ್ಕೆ ಬಳಿಯುತ್ತೇನೆ. ಒದ್ದೆ ಅಂಟಿನಲ್ಲಿ ಒಂದು ಮೊಳೆ ಚುಚ್ಚಿ, ಯಂತ್ರದ ತಂತಿಯ ಕ್ಲಿಪ್ಪನ್ನು ಅದಕ್ಕೆ ಸಿಕ್ಕಿಸುತ್ತೇನೆ. ಜರಡಿಗೆ ನೈಲಾನ್ ಎಳೆ ತುಂಬಿ, ಸ್ವಿಚ್ ಒತ್ತಿ, ಎರಡು ಬೆರಳು ಎತ್ತರದಲ್ಲಿ ಮೆಲ್ಲಗೆ ಅಲ್ಲಾಡಿಸಬೇಕು. ಚಾರ್ಜ್ ಆದ ಎಳೆಗಳು ನೇರವಾಗಿ ಇಳಿದು, ಮೈ ಜುಮ್ಮೆಂದಾಗ ಕೂದಲು ನಿಂತ ಹಾಗೆ ನಿಲ್ಲುತ್ತವೆ. ಎಷ್ಟು ಸಲ ನೋಡಿದರೂ ಆ ಕ್ಷಣ ನನಗೆ ಖುಷಿಯೇ. ನನ್ನ 1:87 ಅಳತೆಯಲ್ಲಿ, ಅಂದರೆ ನಿಜದ 87ನೇ ಒಂದು ಪಾಲಿನಲ್ಲಿ, 4 ಮಿಲಿಮೀಟರ್ ಎಳೆ ಅಂದರೆ ಸುಮಾರು 35 ಸೆಂಟಿಮೀಟರ್ ಹುಲ್ಲು. ಹಳಿ ಪಕ್ಕಕ್ಕೆ 2 ಮಿಲಿಮೀಟರ್ ಎಳೆ, ಇಳಿಜಾರಿಗೆ 4, ಯಾರೂ ಕಾಲಿಡದ ಸುರಂಗದ ಮೇಲ್ಭಾಗಕ್ಕೆ 6. ಒಣಗಿದ ಮೇಲೆ ವ್ಯಾಕ್ಯೂಮ್ ಕ್ಲೀನರ್ ಮೂತಿಗೆ ಹಳೆ ಕಾಲುಚೀಲ ಕಟ್ಟಿ ಎಳೆದರೆ, ಅಂಟದೆ ಉಳಿದದ್ದೆಲ್ಲ ವಾಪಸ್ ಸಿಗುತ್ತದೆ. ಎಳೆಯ ಪ್ಯಾಕೆಟ್ ಬೆಲೆ ನೋಡಿದರೆ ಇದು ಸಣ್ಣ ಉಳಿತಾಯ ಅಲ್ಲ.

ಇನ್ನು ಜೂನ್ ವಿಷಯ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಎಳೆಯಲ್ಲಿ ಚಾರ್ಜ್ ನಿಲ್ಲುವುದಿಲ್ಲ, ಸೋರಿಹೋಗುತ್ತದೆ. ಎಳೆಗಳು ಒಂದಕ್ಕೊಂದು ಅಂಟಿ, ಉಂಡೆ ಉಂಡೆಯಾಗಿ ಬಿದ್ದು ಮಲಗುತ್ತವೆ. ಬೆಳಿಗ್ಗೆ ಬಳಿದ ಫೆವಿಕಾಲ್ ರಾತ್ರಿಯಾದರೂ ಬೆಳ್ಳಗೇ ಇರುತ್ತದೆ. ಜರಡಿಗೆ ತುಕ್ಕು ಹಿಡಿಯಿತು. ಕಾಲುದಾರಿಯ ಮಣ್ಣಿಗೆಂದು ಹುರಿದು ಹಾಕಿದ್ದ ಕಾಫಿ ಚರಟಕ್ಕೂ ಬೂಸ್ಟು ಬಂತು. ಪೆಟ್ಟಿಗೆಯಲ್ಲಿ ಬಂದ ಚೀಟಿಯಲ್ಲಿ ತೇವದ ಬಗ್ಗೆ ಒಂದು ಮಾತೂ ಇರಲಿಲ್ಲ. ಮಾರಿದವರನ್ನು ಕೇಳಿದರೆ ಬ್ಯಾಟರಿ ಬದಲಾಯಿಸಿ ಅಂದರು.

ನನಗೆ ನಿಜವಾಗಿ ಬೇಸರವಾದದ್ದು ಬೇರೆ ಕಾರಣಕ್ಕೆ. ಕೊಡಗಿನ ತೋಟದವರಿಗೆ ಪುರುಸೊತ್ತು ಸಿಗುವುದೇ ಮಳೆಯಲ್ಲಿ. ಹೊರಗೆ ಹೋಗಲಾಗದ ದಿನಗಳಲ್ಲಿ ಒಳಗೆ ಕೂತು ಮಾಡುವ ಹವ್ಯಾಸ ಇದು, ಅಲ್ವಾ? ಗಾಳಿ ಒಣಗುವ ಹೊತ್ತಿಗೆ ಅರೇಬಿಕಾ ಕಾಫಿ ಕೊಯ್ಲು ಶುರು. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವುದು. ಯಂತ್ರ ಕೆಲಸ ಮಾಡುವ ತಿಂಗಳಲ್ಲಿ ನನಗೆ ಸಮಯವಿಲ್ಲ, ನನಗೆ ಸಮಯ ಇರುವಾಗ ಅದು ಕೆಲಸ ಮಾಡುವುದಿಲ್ಲ.

ದಾರಿ ತೋರಿಸಿದ್ದು ನಮ್ಮತ್ತೆ. "ಉಪ್ಪಿನ ಡಬ್ಬಿಗೆ ಹುರಿದ ಅಕ್ಕಿ ಹಾಕುವುದಿಲ್ವಾ, ಇದಕ್ಕೂ ಹಾಕಿ ಒಲೆ ಮೇಲಿನ ಅಟ್ಟದಲ್ಲಿಡಿ" ಅಂದರು. ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಎಳೆಯ ಜೊತೆ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಬಾಗಿಲು ಮುಚ್ಚಿ ರೂಮ್ ಹೀಟರ್ ಹಾಕಿ, ಕೋಣೆ ಬೆಚ್ಚಗಾದ ಮೇಲೆ ಒಂದೆರಡು ಅಂಗೈ ಜಾಗ ಮಾಡಬಹುದು. ಇಡೀ ಗುಡ್ಡ ಆಗುವುದಿಲ್ಲ. ಕರೆಂಟ್ ಇದ್ದ ದಿನದ ಮಾತು ಇದು.

ಹಾಗಾಗಿ ಈಗ ಜುಲೈನಲ್ಲಿ ಬಣ್ಣ ನೋಡುವ ಕೆಲಸ. ಅಂಗಡಿಯ ಹಸಿರು ಯಾವಾಗಲೂ ಸ್ವಲ್ಪ ಮಿರುಗುತ್ತದೆ. ಜಗಲಿಯಲ್ಲಿ ನಿಂತು ಬೇರೆ ಬೇರೆ ಎಳೆಗಳನ್ನು ಅಂಗೈಯಲ್ಲಿ ಬೆರೆಸಿ, ಎದುರಿನ ಇಳಿಜಾರಿಗೆ ಹಿಡಿದು ನೋಡುತ್ತೇನೆ. ಹೊಂದಿದ ಪಾಲನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಹುಲ್ಲು ನೆಡುವ ಹೊತ್ತಿಗೆ ಹೊರಗಿನ ಗುಡ್ಡವೆಲ್ಲ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಆಗ ನೋಡಿ ಬೆರೆಸಲು ಆಗುವುದಿಲ್ಲ. ಸ್ಟೇಷನ್, ತಡೆಗೋಡೆ, ಹೆಂಚಿನ ಮನೆಗಳೂ ಮಳೆಗಾಲಕ್ಕೇ. ಅವಕ್ಕೆ ರಟ್ಟು ಬೇಡ, ಮೆತ್ತಗಾಗುತ್ತದೆ. ಸನ್‌ಬೋರ್ಡ್ ಅನ್ನುವ ಹಗುರ ಪ್ಲಾಸ್ಟಿಕ್ ಹಲಗೆ ತಗೊಳ್ಳಿ.

ಮೈಸೂರು, ಹಾಸನದಂಥ ಒಣ ಊರಿನವರು ಧೈರ್ಯವಾಗಿ ಕೊಳ್ಳಿ. ನಮ್ಮ ಕೊಡಗಿನವರು ಕೊಳ್ಳುವುದಾದರೆ ಡಿಸೆಂಬರ್‌ನಲ್ಲಿ ಕೊಳ್ಳಿ, ಬಂದ ವಾರವೇ ಪರೀಕ್ಷೆ ಮಾಡಿ. ಜೂನ್‌ನಲ್ಲಿ ಕೊಂಡರೆ ಕೆಟ್ಟಿರುವುದು ಯಂತ್ರವೋ ಹವೆಯೋ ತಿಳಿಯುವುದಿಲ್ಲ, ವಾಪಸ್ ಕೊಡುವ ಅವಧಿ ಮುಗಿದುಹೋಗುತ್ತದೆ. ಒಂದು ಮೂಲೆಗೆ ಮಾತ್ರ ಹುಲ್ಲು ಬೇಕಿದ್ದರೆ ಸುಮ್ನೆ ಯಂತ್ರಕ್ಕೆ ದುಡ್ಡು ಹಾಕಬೇಡಿ. ಸೊಳ್ಳೆ ಬ್ಯಾಟಿನ ಸರ್ಕ್ಯೂಟಿಗೆ ಸ್ಟೀಲಿನ ಚಹಾ ಜರಡಿ ಜೋಡಿಸಿ ಮಾಡಿಕೊಳ್ಳುವವರು ತುಂಬ ಜನ ಇದ್ದಾರೆ. ಎಲೆಕ್ಟ್ರಿಕ್ ಕೆಲಸ ಗೊತ್ತಿರುವವರ ಕೈಯಲ್ಲೇ ಮಾಡಿಸಿ, ಸ್ವಿಚ್ ಬಿಟ್ಟ ಮೇಲೂ ಅದರಲ್ಲಿ ಚಾರ್ಜ್ ಹಿಡಿದಿಡುವ ಕೆಪಾಸಿಟರ್ ಶಾಕ್ ಹೊಡೆಯುತ್ತದೆ.