ಅಮೆರಿಕದ ಆರಂಭದ ಇತಿಹಾಸದ ಫ್ಲ್ಯಾಶ್ ಕಾರ್ಡ್: ತಗೊಳ್ಳಿ, ಪಕ್ಕದಲ್ಲಿ ಪೆನ್ನಿರಲಿ

ಮಗಳಿಗೆ ಹೈಸ್ಕೂಲಿನಲ್ಲಿ ಈ ವರ್ಷ ಅಮೆರಿಕದ ಇತಿಹಾಸ. ಕೊಲಂಬಸ್‌ನಿಂದ ಸ್ವಾತಂತ್ರ್ಯ ಯುದ್ಧದವರೆಗಿನ ಮುಖ್ಯ ಪದಗಳೆಲ್ಲ ಇವೆ ಅಂತ ಈ ಕಾರ್ಡಿನ ಡಬ್ಬಿ ತರಿಸಿದೆ. ಮುಂದೆ ಪದ, ಹಿಂದೆ ವಿವರಣೆ. ರಟ್ಟು ಗಟ್ಟಿಯಾಗಿದೆ, ಅಕ್ಷರ ಮಾತ್ರ ತೀರಾ ಸಣ್ಣದು.

ವರ್ಜೀನಿಯಾದ ಕಾರ್ಡುಗಳನ್ನು ಯಾರೋ ತಲೆ ಓಡಿಸಿ ಬರೆದಿದ್ದಾರೆ. 'ಹೆಡ್‌ರೈಟ್' ಕಾರ್ಡನ್ನೇ ನೋಡಿ. ಒಬ್ಬ ಆಳಿನ ಹಡಗಿನ ಖರ್ಚು ಕೊಟ್ಟವನಿಗೆ 50 ಎಕರೆ ಜಮೀನು. ಬಂದ ಆಳಿಗೆ? ಸಾಮಾನ್ಯವಾಗಿ 4ರಿಂದ 7 ವರ್ಷ ತಂಬಾಕಿನ ಹೊಲದಲ್ಲಿ ದುಡಿಮೆ. ಕೆಳಗೆ ಒಂದು ಬಾಣದ ಗುರುತು: 'ಇಂಡೆಂಚರ್ಡ್ ಸರ್ವೆಂಟ್' (ಕರಾರಿನ ಆಳು) ಕಾರ್ಡ್ ನೋಡಿ. ಅಲ್ಲಿಂದ ಇನ್ನೊಂದು ಬಾಣ 1676ರ ಬೇಕನ್ ದಂಗೆಗೆ. ಕರಾರು ಮುಗಿದರೂ ಒಳ್ಳೆ ಜಮೀನು ಸಿಗದವರು, ಮೂಲನಿವಾಸಿಗಳ ನೆಲದ ಮೇಲೆ ಕಣ್ಣಿಟ್ಟವರು, ಎಲ್ಲ ಸೇರಿ ಕೊನೆಗೆ ವರ್ಜೀನಿಯಾದ ರಾಜಧಾನಿ ಜೇಮ್ಸ್‌ಟೌನ್‌ಗೇ ಬೆಂಕಿ ಇಟ್ಟರು. ಮೂರು ಕಾರ್ಡಲ್ಲಿ ಒಂದು ಕಥೆ. ಮಗಳು ಬಾಯಿಪಾಠ ಮಾಡದೇ ನೆನಪಿಟ್ಟುಕೊಂಡಳು.

ಸ್ಪೇನಿನ ಕಡೆ ಬಂದರೆ ಈ ಶ್ರದ್ಧೆ ಇಲ್ಲ. 'ಎನ್‌ಕೊಮಿಯೆಂಡಾ' ಅಂದರೆ ಸ್ಪೇನಿನವರಿಗೆ ಕೊಟ್ಟ ಜಮೀನು ಅಂತ ಬರೆದಿದ್ದಾರೆ. ತಪ್ಪು. ರಾಜ ಕೊಟ್ಟಿದ್ದು ಜಮೀನಲ್ಲ, ಇಂತಿಂಥ ಊರಿನ ಮೂಲನಿವಾಸಿಗಳಿಂದ ಕಪ್ಪ ಮತ್ತು ದುಡಿಮೆ ಪಡೆಯುವ ಹಕ್ಕು. ಬದಲಿಗೆ ಅವರನ್ನು ಕಾಪಾಡಿ ಕ್ರೈಸ್ತ ಧರ್ಮ ಕಲಿಸಬೇಕು ಅನ್ನೋದು ಷರತ್ತು. ಕಾಪಾಡಿದ್ದು ಅಷ್ಟರಲ್ಲೇ ಇದೆ ಬಿಡಿ. ಇದನ್ನು ಹೇಳದಿದ್ದರೆ ಮುಂದಿನ ಕಾರ್ಡಿಗೆ ಅರ್ಥವೇ ಇಲ್ಲ. ಬರೀ ಜಮೀನಿನ ವಿಷಯವಾಗಿದ್ದರೆ ಮೂಲನಿವಾಸಿಗಳ ಪರ ನಿಂತ ಸ್ಪೇನಿನ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಅಷ್ಟು ಯಾಕೆ ಹೋರಾಡಬೇಕಿತ್ತು? ಈ ಪದ್ಧತಿಗೆ ಕಡಿವಾಣ ಹಾಕೋ 1542ರ 'ಹೊಸ ಕಾನೂನುಗಳು' ಯಾಕೆ ಬರಬೇಕಿತ್ತು?

ಪಿಲ್‌ಗ್ರಿಮ್‌ಗಳನ್ನೂ ಪ್ಯೂರಿಟನ್ನರನ್ನೂ ಒಂದೇ ಕಾರ್ಡಿಗೆ ತುರುಕಿದ್ದಾರೆ. 1620ರಲ್ಲಿ ಪ್ಲಿಮತ್‌ಗೆ ಬಂದ ಪಿಲ್‌ಗ್ರಿಮ್‌ಗಳು ಇಂಗ್ಲೆಂಡಿನ ಚರ್ಚ್ ಬಿಟ್ಟೇ ಹೊರಟವರು. 1630ರಲ್ಲಿ ಜಾನ್ ವಿನ್‌ಥ್ರಪ್ ಜೊತೆ ಮ್ಯಾಸಚೂಸೆಟ್ಸ್‌ಗೆ ಬಂದ ಪ್ಯೂರಿಟನ್ನರು ಅದೇ ಚರ್ಚನ್ನು ಒಳಗಿದ್ದೇ ಸರಿಮಾಡ್ತೀವಿ ಅಂದವರು. ಪರೀಕ್ಷೆಯಲ್ಲಿ ಮಕ್ಕಳು ಎಡವೋದೇ ಇಲ್ಲಿ, ಅಲ್ವಾ?

ಇನ್ನು ಜಾಗದ ಹಂಚಿಕೆ. ರೋನೋಕ್ ದ್ವೀಪದಲ್ಲಿ ಕಾಣೆಯಾದ ಇಂಗ್ಲಿಷರ ವಸಾಹತಿಗೆ ಕಾರ್ಡಿನ ಎರಡೂ ಬದಿ. ಆಫ್ರಿಕಾದವರನ್ನು ಹಡಗಿನ ತಳದಲ್ಲಿ ಸರಪಳಿ ಹಾಕಿ ಸಾಗಿಸಿದ 'ಮಿಡಲ್ ಪ್ಯಾಸೇಜ್'ಗೆ ಎರಡೇ ಸಾಲು. ನಿಗೂಢ ಕಥೆ ಜಾಸ್ತಿ ಮಾರಾಟವಾಗುತ್ತೆ ಅಂತ ಕಾಣುತ್ತೆ.

ಐದರಲ್ಲಿ ಮೂರು ಸ್ಟಾರ್ ಕೊಡ್ತೀನಿ. ಡಬ್ಬಿಯ ಕೊನೆಯಲ್ಲಿ ಒಂದಷ್ಟು ಖಾಲಿ ಕಾರ್ಡ್ ಇವೆ, ಅವನ್ನು ಎಸೆಯಬೇಡಿ. 1680ರ ಪ್ವೆಬ್ಲೊ (ಈಗಿನ ನ್ಯೂ ಮೆಕ್ಸಿಕೊದ ಮೂಲನಿವಾಸಿಗಳು) ಬಂಡಾಯದ ಕಾರ್ಡೇ ಇರಲಿಲ್ಲ. ಪೊಪೆ ಅನ್ನೋ ಪ್ವೆಬ್ಲೊ ನಾಯಕನ ಮುಂದಾಳತ್ವದಲ್ಲಿ ಸ್ಪೇನಿನವರನ್ನು ಸಾಂಟಾ ಫೆಯಿಂದ ಓಡಿಸಿದ್ದು, ಅವರು 12 ವರ್ಷ ವಾಪಸ್ ಬರಲಾಗದ್ದು, ಎಲ್ಲವನ್ನೂ ಮಗಳೇ ಒಂದು ಖಾಲಿ ಕಾರ್ಡಲ್ಲಿ ಬರೆದು ಸೇರಿಸಿದಳು. ಅಕ್ಷರ ದೊಡ್ಡದಾಗಿಯೇ ಬರೆದಿದ್ದಾಳೆ.