ಬ್ಲಡ್ ಬೌಲ್: ಬಲಕ್ಕಿಂತ ಮೊದಲು ನಿಲ್ಲುವ ಜಾಗ

ಬ್ಲಡ್ ಬೌಲ್ ಎಂಬ ಹಲಗೆಯಾಟದ 2020ರ ಆವೃತ್ತಿಯನ್ನು ಅದು ಹೊಸದಾಗಿ ಬಂದಾಗಲೇ ತರಿಸಿಕೊಂಡೆ. ಅಲ್ಲಿಂದೀಚೆಗೆ ನಮ್ಮ ಗುಂಪಿನಲ್ಲಿ ಒಂದು ಲೀಗ್ ಮುಗಿಯುವಷ್ಟರಲ್ಲಿ ಇನ್ನೊಂದರ ಮಾತು ಶುರುವಾಗಿರುತ್ತದೆ. ಇಷ್ಟು ಕಾಲ ಆಡಿದ ಮೇಲೂ ಮೈದಾನದ ಹಲಗೆ ಬಿಚ್ಚಿದ ಕೂಡಲೇ ಕೈ ಚುರುಕಾಗುತ್ತದೆ ಎಂದರೆ ಅದಕ್ಕೆ ಕಾರಣ ಆಟಗಾರರನ್ನು ನಿಲ್ಲಿಸುವ ನಿಯಮಗಳು. ಗೊಂಬೆಗಳ ಚೆಲುವಿನ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ನಾನು ನಿಯಮಗಳ ಬಗ್ಗೆ ಬರೆಯುತ್ತೇನೆ.

ತಿಳಿಯದವರಿಗಾಗಿ ಎರಡು ಮಾತು. ಜರ್ವಿಸ್ ಜಾನ್ಸನ್ ರೂಪಿಸಿದ ಈ ಆಟವನ್ನು ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ 1986ರಲ್ಲಿ ಮೊದಲು ಹೊರತಂದಿತು. ಓರ್ಕ್, ಎಲ್ಫ್ ಎಂಬ ಕಥೆಯ ಜೀವಿಗಳು, ಕುಬ್ಜರು, ಮನುಷ್ಯರು ಸೇರಿ ಅಮೆರಿಕನ್ ಫುಟ್‌ಬಾಲ್ ಆಡುವ ಕಲ್ಪನಾಲೋಕ ಇದು. ಮೈದಾನ 26 ಚೌಕ ಉದ್ದ, 15 ಚೌಕ ಅಗಲ. ಒಂದು ಕಡೆಗೆ 11 ಆಟಗಾರರು, ಅರ್ಧಕ್ಕೆ 8 ಸರದಿಗಳಂತೆ ಎರಡು ಅರ್ಧ. ತಂಡ ಕಟ್ಟಲು 10 ಲಕ್ಷ ಚಿನ್ನದ ನಾಣ್ಯ. ಚೆಂಡನ್ನು ಎದುರಾಳಿಯ ಕೊನೆಯ ಸಾಲಿಗೆ ಮುಟ್ಟಿಸಿದರೆ ಟಚ್‌ಡೌನ್. ಸರದಿಯ ನಡುವೆ ನಿಮ್ಮ ಆಟಗಾರನೊಬ್ಬ ನೆಲಕ್ಕೆ ಬಿದ್ದರೆ ಟರ್ನ್‌ಓವರ್: ಉಳಿದವರು ಕೈಕಟ್ಟಿ ನಿಲ್ಲಬೇಕು, ಸರದಿ ಎದುರಿನವರಿಗೆ ಹೋಗುತ್ತದೆ.

ಎದ್ದು ನಿಂತಿರುವ ಪ್ರತಿ ಆಟಗಾರನ ಸುತ್ತಲಿನ ಎಂಟು ಚೌಕಗಳು ಅವನ ಹಿಡಿತದಲ್ಲಿರುತ್ತವೆ. ಇದಕ್ಕೆ ಟ್ಯಾಕಲ್ ಝೋನ್ ಎನ್ನುತ್ತಾರೆ. ಅದರೊಳಗಿಂದ ಹೊರಗೆ ಕಾಲಿಡಬೇಕಾದರೆ ದಾಳ ಹಾಕಿ ಡಾಡ್ಜ್ ಮಾಡಬೇಕು, ಅಂದರೆ ನುಣುಚಿಕೊಳ್ಳಬೇಕು. ಇಷ್ಟೇ ನಿಯಮ, ಆದರೆ ಇದರಿಂದ ಹುಟ್ಟುವ ಲೆಕ್ಕ ನೋಡಿ. ಅಗಲದ 15 ಚೌಕಗಳಲ್ಲಿ 2, 5, 8, 11, 14ನೆಯ ಚೌಕಗಳಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿದರೆ ಐದೇ ಜನರಿಗೆ ಇಡೀ ಮೈದಾನದ ಅಗಲ ಸಿಕ್ಕಿಬಿಡುತ್ತದೆ. ನಡುವೆ ಎರಡೆರಡು ಚೌಕ ಖಾಲಿ ಕಾಣುತ್ತವೆ, ಆದರೂ ದಾಳ ಹಾಕದೆ ಯಾರೂ ದಾಟಲಾರರು. ಕಬಡ್ಡಿಯಲ್ಲಿ ಕೈಕೈ ಹಿಡಿದು ಸರಪಳಿ ಕಟ್ಟುವ ರಕ್ಷಕರ ಹಾಗೆ, ತೆರವು ಇದ್ದಂತೆ ಕಂಡಲ್ಲೇ ಹಿಡಿತ ಇರುತ್ತದೆ. ಎದುರಾಳಿಗೆ ಸರದಿಗೊಂದು ಬ್ಲಿಟ್ಜ್, ಅಂದರೆ ಓಡಿ ಬಂದು ಗುದ್ದುವ ಅವಕಾಶ ಉಂಟು. ಆ ಗುದ್ದಿಗೆ ಒಂದು ಕೊಂಡಿ ಕಳಚಬಹುದು. ಹಾಗಾಗಿ ಉಳಿದ ಆರು ಜನರಲ್ಲಿ ಮೂವರು ಕಡ್ಡಾಯವಾಗಿ ಮುಂಚೂಣಿಯ ಗೆರೆಯ ಮೇಲೆ ನಿಂತ ಮೇಲೆ, ಮಿಕ್ಕ ಮೂವರನ್ನು ಹಿಂದೆ ಎಲ್ಲಿಡಬೇಕು ಎನ್ನುವುದರಲ್ಲೇ ರಕ್ಷಣೆಯ ಕಲೆ ಇರುವುದು.

ಚೆಂಡು ನಮ್ಮ ಕೈಯಲ್ಲಿದ್ದಾಗ ಇದೇ ಹಿಡಿತ ಕೋಟೆಯಾಗುತ್ತದೆ. ಚೆಂಡು ಹಿಡಿದವನ ನಾಲ್ಕು ಕರ್ಣಗಳಲ್ಲಿ ನಾಲ್ವರನ್ನು ನಿಲ್ಲಿಸುವ ವ್ಯೂಹಕ್ಕೆ ಕೇಜ್ ಎಂದು ಹೆಸರು. ನೇರ ಬದಿಯ ಚೌಕಗಳು ತೆರೆದೇ ಇರುತ್ತವೆ, ಆದರೆ ಅಲ್ಲಿಗೆ ಬರುವವನು ಮೂಲೆಯ ಇಬ್ಬರು ಮತ್ತು ಚೆಂಡು ಹಿಡಿದವನು, ಹೀಗೆ ಮೂವರ ಹಿಡಿತಕ್ಕೆ ಕಾಲಿಡಬೇಕು. ಸಾಮಾನ್ಯವಾಗಿ 3 ಬಿದ್ದರೆ ಗೆಲ್ಲುವ ಡಾಡ್ಜ್‌ಗೆ ಅಲ್ಲಿ 6 ಬೇಕು.

ಕೌಶಲಗಳ ವಿಷಯಕ್ಕೆ ಬರುತ್ತೇನೆ, ನನ್ನ ಪ್ರೀತಿಯೆಲ್ಲ ಇಲ್ಲಿದೆ. 2020ರ ಪೆಟ್ಟಿಗೆಯಲ್ಲಿ ಬಂದ ಎರಡು ತಂಡಗಳು ಮನುಷ್ಯರ ಇಂಪೀರಿಯಲ್ ನೊಬಿಲಿಟಿ ಮತ್ತು ಬ್ಲಾಕ್ ಓರ್ಕ್. ಆರಿಸಿದವರಿಗೆ ನಾನು ಕೃತಜ್ಞ, ಏಕೆಂದರೆ ಎರಡೂ ತಂಡಗಳ ಕೌಶಲಗಳು ಜಾಗದ ಜಗಳಕ್ಕೆಂದೇ ಹೆಣೆದವು. ಬ್ಲಾಕ್ ಓರ್ಕ್‌ಗೆ ಗ್ರ್ಯಾಬ್ ಇದೆ: ನಿಂತಲ್ಲಿಂದ ಗುದ್ದಿ ತಳ್ಳಿದಾಗ ಎದುರಾಳಿಯನ್ನು ಅವನ ಪಕ್ಕದ ಯಾವ ಖಾಲಿ ಚೌಕಕ್ಕಾದರೂ ಎಳೆದು ಹಾಕಬಹುದು. ನೊಬಿಲಿಟಿಯ ಬಾಡಿಗಾರ್ಡ್‌ಗೆ ಸ್ಟ್ಯಾಂಡ್ ಫರ್ಮ್ ಇದೆ: ತಳ್ಳಿದರೂ ಕದಲದಿರಬಹುದು. ಮೈದಾನದ ಅಂಚಿನಲ್ಲಿ ನಿಂತವನನ್ನು ಪ್ರೇಕ್ಷಕರ ಗುಂಪಿಗೆ ತಳ್ಳಿದರೆ ಅವನು ನೇರವಾಗಿ ಗಾಯದ ದಾಳಕ್ಕೆ ಗುರಿಯಾಗುವ ಆಟದಲ್ಲಿ, ಅಂಚಿಗೆ ಬಾಡಿಗಾರ್ಡ್‌ನನ್ನು ನಿಲ್ಲಿಸುವ ನೆಮ್ಮದಿಯೇ ಬೇರೆ.

ನೊಬಿಲಿಟಿಯಲ್ಲಿ ಎಲ್ಲರಿಗಿಂತ ಅಗ್ಗದ ಆಟಗಾರ ರಿಟೇನರ್. ಅವನಿಗಿರುವುದು ಫೆಂಡ್ ಒಂದೇ: ತಳ್ಳಿದವನು ಹಿಂದೆಯೇ ನುಗ್ಗಿ ಬರದಂತೆ ತಡೆಯಬಹುದು. ಓದುವಾಗ ಇದು ಸಪ್ಪೆ. ಹಲಗೆಯ ಮೇಲೆ ನೋಡಿ: ಓರ್ಕ್ ಗುದ್ದಿದ, ರಿಟೇನರ್ ಒಂದು ಚೌಕ ಹಿಂದಕ್ಕೆ ಸರಿದ, ಓರ್ಕ್ ಅಲ್ಲೇ ಉಳಿದ. ಈಗ ಇಬ್ಬರ ನಡುವೆ ಒಂದು ಚೌಕ ಖಾಲಿ. ಪಕ್ಕದಲ್ಲಿ ಬೇರೆ ಓರ್ಕ್ ಇಲ್ಲದಿದ್ದರೆ ರಿಟೇನರ್ ಯಾರ ಹಿಡಿತದಲ್ಲೂ ಇಲ್ಲ. ಅವನು ತನ್ನ ಸರದಿಯಲ್ಲಿ ದಾಳವನ್ನೇ ಮುಟ್ಟದೆ ಬೇಕಾದಲ್ಲಿಗೆ ನಡೆದು ಹೋಗುತ್ತಾನೆ, ನಾಲ್ಕೇ ಹೆಜ್ಜೆಯ ಓರ್ಕ್ ನೋಡುತ್ತಾ ನಿಲ್ಲುತ್ತಾನೆ.

ಗಾರ್ಡ್ ಕೌಶಲವನ್ನು ಹೊಸಬರು ಕಡೆಗಣಿಸುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. 3 ಬಲದ ರಿಟೇನರ್ 4 ಬಲದ ಓರ್ಕ್‌ನನ್ನು ಒಬ್ಬನೇ ಗುದ್ದಿದರೆ ಗುದ್ದಿನ ಫಲ ಹೇಳುವ ಎರಡು ದಾಳಗಳಲ್ಲಿ ಯಾವುದು ಎಂದು ಆರಿಸುವವನು ಎದುರಾಳಿ. ರಿಟೇನರ್ ತಾನೇ ಬೀಳುವ ಸಂಭವ 9ರಲ್ಲಿ 5. ಪಕ್ಕದಲ್ಲಿ ಒಬ್ಬ ಜೊತೆಗಾರ ನೆರವಿಗಿದ್ದರೆ ಬಲ ಸಮವಾಗಿ ಆ ಸಂಭವ 3ರಲ್ಲಿ 1ಕ್ಕೆ ಇಳಿಯುತ್ತದೆ. ಇಬ್ಬರಿದ್ದರೆ ಎರಡು ದಾಳಗಳ ಆಯ್ಕೆ ನಮ್ಮದು, ಸಂಭವ 9ರಲ್ಲಿ 1. ಆದರೆ ನೆರವಿಗೆ ನಿಂತವನನ್ನು ಇನ್ನೊಬ್ಬ ಓರ್ಕ್ ಮುಟ್ಟಿ ನಿಂತಿದ್ದರೆ ಆ ನೆರವು ಲೆಕ್ಕಕ್ಕಿಲ್ಲ. ಗಾರ್ಡ್ ಇದ್ದವನಿಗೆ ಈ ತಡೆ ಇಲ್ಲ. ಎಷ್ಟು ಜನ ಮುತ್ತಿದರೂ ಅವನು ನೆರವು ಕೊಡುತ್ತಲೇ ಇರುತ್ತಾನೆ, ಎದುರಾಳಿ ನಮ್ಮವರನ್ನು ಗುದ್ದುವಾಗಲೂ ನಮ್ಮ ಬಲಕ್ಕೆ ಸೇರುತ್ತಾನೆ. ಒಬ್ಬನೇ ಇದ್ದರೆ ಏನೂ ಅಲ್ಲದ ಈ ಕೌಶಲ, ಗುಂಪಿನ ನಡುವೆ ಇಟ್ಟರೆ ಇಡೀ ಸಾಲಿನ ಬೆಲೆ ಬದಲಿಸುತ್ತದೆ. ಹೊಡೆತಕ್ಕೆ ಬಿರುಸು ತರುವ ಮೈಟಿ ಬ್ಲೋ ಕಣ್ಣಿಗೆ ಹಬ್ಬ, ನಿಜ. ನಾನು ಬಾಡಿಗಾರ್ಡ್‌ಗಳಿಗೆ ಮೊದಲು ಕೊಡುವುದು ಗಾರ್ಡನ್ನೇ.

ಈ ಆವೃತ್ತಿಯ ಬೆಳವಣಿಗೆಯ ಪದ್ಧತಿಯೂ ನನಗೆ ಹಿಡಿಸಿದೆ. ಟಚ್‌ಡೌನ್‌ಗೆ 3, ಎದುರಾಳಿಯನ್ನು ಗಾಯಗೊಳಿಸಿ ಹೊರಗೆ ಕಳಿಸಿದ್ದಕ್ಕೆ 2, ಗುರಿ ಮುಟ್ಟಿದ ಪಾಸ್‌ಗೆ 1 ಅಂಕ. ಮೊದಲ ಬಡ್ತಿಗೆ 3 ಅಂಕ ಕೊಟ್ಟು ಮುಖ್ಯ ವರ್ಗದ ಕೌಶಲವೊಂದನ್ನು ದಾಳದ ಇಚ್ಛೆಗೆ ಬಿಡಬಹುದು, 6 ಕೊಟ್ಟು ನಾವೇ ಆರಿಸಿಕೊಳ್ಳಬಹುದು. ಬೇಗ ಸಿಗುವುದು ಮೇಲೋ, ಬೇಕಾದದ್ದು ಸಿಗುವುದು ಮೇಲೋ ಎಂಬ ಚರ್ಚೆ ನಮ್ಮ ಗುಂಪಿನಲ್ಲಿ ಇನ್ನೂ ನಿಂತಿಲ್ಲ. ಗೆರೆಯ ಮೇಲೆ ಏಟು ತಿನ್ನುವವನಿಗೆ 3 ಅಂಕದ್ದು ಸಾಕು. ಕೇಜ್‌ನ ಮೂಲೆಯಲ್ಲಿ ನಿಲ್ಲುವವನಿಗೆ ಕಾಯ್ದು ಆರಿಸಿ ಕೊಡಬೇಕು. ನನ್ನ ನಿಲುವು ಇದು.

ಕೊರತೆಗಳೂ ಇವೆ. ತಂಡದ ಪಟ್ಟಿ ಪುಸ್ತಕದ ಒಂದು ಕಡೆ, ಕೌಶಲಗಳ ವಿವರ ಇನ್ನೊಂದು ಕಡೆ. ಮೊದಲ ಕೆಲವು ಪಂದ್ಯಗಳು ಪುಟ ತಿರುವುವುದರಲ್ಲೇ ಹೋಗುತ್ತವೆ. ಯಾರಿಗೆ ಯಾವ ಕೌಶಲ ಎಂದು ನೆನಪಿಡಲು ಗೊಂಬೆಗಳ ಬುಡಕ್ಕೆ ಬಣ್ಣದ ಉಂಗುರ ಹಾಕುವುದು ಹಳೆಯ ಆಟಗಾರರ ರೂಢಿ. ಅವನ್ನು ಬೇರೆಯಾಗಿ ಕೊಳ್ಳಬೇಕು. ಗೊಂಬೆಗಳನ್ನು ನಾವೇ ಜೋಡಿಸಿ ಬಣ್ಣ ಹಚ್ಚಬೇಕು. ಬೆಲೆಯಂತೂ ನಮ್ಮಲ್ಲಿ ಕೈಕಚ್ಚುತ್ತದೆ, ನಾಲ್ಕು ಜನ ಸೇರಿ ಕೊಂಡರೆ ಒಳ್ಳೆಯದು. ನಿಯಮಗಳಲ್ಲೂ ಒಂದು ತಕರಾರು: ಈ ಆವೃತ್ತಿಯ ಹೊಸ ಲೀಗ್‌ನಲ್ಲಿ ಕುಬ್ಜರ ಸಾಮಾನ್ಯ ಆಟಗಾರನೂ ಬ್ಲಾಕ್ ಮತ್ತು ಟ್ಯಾಕಲ್ ಎಂಬ ಎರಡು ಕೌಶಲಗಳನ್ನು ಹೊತ್ತೇ ಬರುತ್ತಾನೆ, ಕಲಿಯುವವರ ಮೇಲೆ ಅದು ಭಾರಿ ಹೊರೆ. ನಮ್ಮಲ್ಲಿ ಮೊದಲ ಲೀಗ್ ಆಡುವವರ ಎದುರು ಕುಬ್ಜರನ್ನು ಇಳಿಸುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡಿದ್ದೇವೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕೊಳ್ಳುವವರು ಮೊದಲು ಬ್ಲಾಕ್ ಓರ್ಕ್‌ಗಳಿಂದ ಆರಂಭಿಸಲಿ: ನಿಧಾನ ಹೆಜ್ಜೆಯವರು, ಬೇಗ ಬೀಳುವವರಲ್ಲ, ಯಾರು ಎಲ್ಲಿ ನಿಂತಿದ್ದಾರೆ ಎಂದು ನೋಡಲು ಬಿಡುವು ಸಿಗುತ್ತದೆ. ಪ್ರತಿ ಸರದಿಯಲ್ಲೂ ದಾಳ ಬೇಡದ ನಡಿಗೆಗಳನ್ನು ಮೊದಲು ಮುಗಿಸಿ, ಆಮೇಲೆ ಎರಡು ದಾಳದ ಗುದ್ದು, ಡಾಡ್ಜ್ ಕೊನೆಗೆ. ಓರ್ಕ್ ಆಡಿ ಕೈ ಪಳಗಿದ ಮೇಲೆ ಅದೇ ಎದುರಾಳಿಯೊಂದಿಗೆ ತಂಡ ಅದಲು ಬದಲು ಮಾಡಿಕೊಂಡು ನೊಬಿಲಿಟಿ ಆಡಿ ನೋಡಿ.